ಗೆರೆಯ ಹೊರಗೆ ನಿಂತವರ ಕರ್ತವ್ಯ

ಈ ಸ್ಮರಣ ಸಂಚಿಕೆಯಲ್ಲಿ ಪರೀಕ್ಷಾಫಲಗಳನ್ನೂ ಕಟ್ಟಡದ ನಿಧಿಯ ಲೆಕ್ಕವನ್ನೂ ಇತರರು ಬರೆದಿರುವರು. ನಾನು ಆಟದ ಮೈದಾನದ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಬೇಕೆಂದಿರುವೆನು. ಮುಖ್ಯೋಪಾಧ್ಯಾಯಿನಿಗೆ ಚೆಂಡಾಟದ ಗೊಡವೆ ಏಕೆಂದು ಕೆಲವರು ಕೇಳಬಹುದು. ಆದರೆ ಈ ವರ್ಷ ನನ್ನ ಕೋಣೆಗೆ ಬಂದ ತಂದೆತಾಯಂದಿರಲ್ಲಿ ಗಣಿತದ ಅಂಕಗಳ ಮಾತೆತ್ತಿದವರಿಗಿಂತ ಹುಡುಗಿಯರ ಕಾಲ್ಚೆಂಡಾಟದ ರೀತಿಯನ್ನು ಕುರಿತು ವಾದಿಸಿದವರೇ ಹೆಚ್ಚು. ಆದಕಾರಣ ಸುಮ್ಮನಿರುವದು ಸರಿಯಲ್ಲವೆಂದು ತೋರಿತು.

ವಾದವು ಇಂಥದು. ಒಂದು ಪಕ್ಷದವರ ಮತದಲ್ಲಿ, ಚೆಂಡು ಕಾಲಿಗೆ ಸಿಕ್ಕಿದೊಡನೆ ಅದನ್ನು ಬಲವಾಗಿ ಎದುರಾಳಿಗಳ ಗೋಲಿನ ಕಡೆಗೆ ಒದ್ದುಬಿಡಬೇಕು. ತಂಡದಲ್ಲಿ ಎಲ್ಲರಿಗಿಂತ ವೇಗವಾಗಿ ಓಡುವವಳು ಅದನ್ನು ಬೆನ್ನಟ್ಟಿ ಗೋಲು ಹೊಡೆಯಬೇಕು. ಇನ್ನೊಂದು ಪಕ್ಷದವರ ಮತದಲ್ಲಿ, ಚೆಂಡನ್ನು ನೆಲದ ಮೇಲೆಯೇ ಇಟ್ಟುಕೊಂಡು, ತಲೆಯೆತ್ತಿ ನೋಡಿ, ಹತ್ತಿರದ ಗೆಳತಿಗೆ ದಾಟಿಸುತ್ತಾ, ಎಲ್ಲರೂ ಕೂಡಿ ಮುಂದಕ್ಕೆ ಸಾಗಬೇಕು. ನಮ್ಮ ವ್ಯಾಯಾಮ ಶಿಕ್ಷಕಿಯವರು ಕಲಿಸುವದು ಎರಡನೆಯ ರೀತಿಯನ್ನು. ಇದರಿಂದ ಕೆಲವು ಪಂದ್ಯಗಳನ್ನು ನಾವು ಸೋತದ್ದುಂಟು. ನಮ್ಮ ಗೋಲಿನ ಮುಂದೆಯೇ ಚೆಂಡನ್ನು ದಾಟಿಸಲು ಹೋಗಿ ಎದುರಾಳಿಯ ಕಾಲಿಗೆ ಒಪ್ಪಿಸಿದ್ದೂ ಉಂಟು.

ಮೊದಲನೆಯ ಪಕ್ಷದವರನ್ನು ನಾನು ಹಳಿಯುವದಿಲ್ಲ. ಮಳೆಗಾಲದಲ್ಲಿ ನಮ್ಮ ಮೈದಾನದ ಕೆಂಪು ಮಣ್ಣು ಕೆಸರಾದಾಗ ಚೆಂಡು ಉರುಳದೆ ನಿಂತುಬಿಡುವದು. ಆಗ ಎತ್ತಿ ಒದೆಯುವದೇ ಬುದ್ಧಿವಂತಿಕೆ. ತಾಲೂಕಿನಲ್ಲಿ ಗೆದ್ದವರು ಜಿಲ್ಲೆಗೆ ಹೋಗುವರು, ಸೋತವರು ಆ ಸಂಜೆಯೇ ಮನೆಗೆ ಬರುವರು. ಆಟದ ಪ್ರಮಾಣಪತ್ರದಿಂದ ಮಗಳಿಗೆ ಮುಂದೆ ಕಾಲೇಜಿನಲ್ಲಿ ಸ್ಥಳ ದೊರೆಯಬಹುದೆಂದು ಕೂಲಿಯ ತಂದೆಯೊಬ್ಬರು ಆಶಿಸಿದರೆ ಅದು ದುರಾಶೆಯಲ್ಲ.

ಈ ವಾದವು ಹೊಸದೂ ಅಲ್ಲ. 1872ನೆಯ ನವೆಂಬರ್ 30ರಂದು ಗ್ಲಾಸ್ಗೋ ನಗರದಲ್ಲಿ ಸ್ಕಾಟ್ಲೆಂಡಿಗೂ ಇಂಗ್ಲೆಂಡಿಗೂ ಪಂದ್ಯವಾದಾಗ, ಮೈಭಾರದಲ್ಲಿ ಹೆಚ್ಚಿನವರಾದ ಇಂಗ್ಲೆಂಡಿನವರು ಒಬ್ಬೊಬ್ಬರೇ ಚೆಂಡನ್ನು ಕಾಲಲ್ಲಿ ನಡೆಸಿಕೊಂಡು ನುಗ್ಗಿದರು. ಹಗುರವಾದ ಸ್ಕಾಟ್ಲೆಂಡಿನವರು ಒಬ್ಬರಿಂದೊಬ್ಬರಿಗೆ ದಾಟಿಸಿ ಆಡಿದರು. ಆ ದಿನ ಯಾರೂ ಗೋಲು ಹೊಡೆಯಲಿಲ್ಲ. ಸ್ತ್ರೀಯರ ಆಟದಲ್ಲಿಯೂ ಹೀಗೆಯೇ. 2011ರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಜಪಾನಿನ ಸ್ತ್ರೀಯರು ಮೈಕಟ್ಟಿನಲ್ಲಿ ಚಿಕ್ಕವರಾದರೂ, ಚುರುಕಾಗಿ ಚೆಂಡು ದಾಟಿಸುವ ಆಟದಿಂದ ಅಮೆರಿಕದವರಿಗೆ ಎದುರು ನಿಂತು, ಎರಡೆರಡು ಗೋಲುಗಳಾದ ಮೇಲೆ ಪೆನಾಲ್ಟಿಗಳಲ್ಲಿ ಗೆದ್ದರು. ಆದರೆ ಓಟಕ್ಕೂ ಮೈಬಲಕ್ಕೂ ಹೆಸರಾದ ಅದೇ ಅಮೆರಿಕದವರು 1991, 1999, 2015, 2019ನೆಯ ಇಸವಿಗಳಲ್ಲಿ ನಾಲ್ಕು ಸಲ ವಿಶ್ವಕಪ್ಪನ್ನು ಗೆದ್ದಿರುವರು. ಎರಡು ದಾರಿಗಳೂ ಗೆಲುವಿಗೆ ಮುಟ್ಟಬಲ್ಲವು. ಆದಕಾರಣ ಯಾವ ರೀತಿಯಿಂದ ಗೆಲ್ಲಬಹುದೆಂದು ಶಾಲೆಯು ಮೊದಲು ಕೇಳತಕ್ಕದ್ದಲ್ಲ. ಹನ್ನೆರಡು ಹದಿಮೂರು ವರ್ಷದ ಹುಡುಗಿಯು ಯಾವ ರೀತಿಯಿಂದ ಹೆಚ್ಚು ಕಲಿಯುವಳೆಂದು ಕೇಳತಕ್ಕದ್ದು.

ಇದನ್ನು ನಾನು ತಪ್ಪುಮಾಡಿ ತಿಳಿದುಕೊಂಡೆನು. ಕೆಲವು ವರ್ಷಗಳ ಹಿಂದೆ ನಮ್ಮ ಎಂಟನೆಯ ತರಗತಿಯಲ್ಲಿ ವಯಸ್ಸಿಗೆ ಮೀರಿ ಎತ್ತರವೂ ಬಲವೂ ಉಳ್ಳ ಹುಡುಗಿಯೊಬ್ಬಳಿದ್ದಳು. ಇವಳು ಹಿಂದೆ ನಿಂತು ಒದೆಯಲಿ, ಉಳಿದವರು ಮುಂದೆ ಓಡಲಿ ಎಂದು ಶಿಕ್ಷಕಿಯವರಿಗೆ ಹೇಳಿದವಳು ನಾನೇ. ಆ ವರ್ಷ ಕಪ್ಪು ಬಂದಿತು. ಅದರ ಭಾವಚಿತ್ರವು ಈಗಲೂ ನನ್ನ ಕೋಣೆಯ ಗೋಡೆಯಲ್ಲಿದೆ. ಎರಡು ವರ್ಷಗಳಲ್ಲಿ ಉಳಿದ ಹುಡುಗಿಯರೂ ಅವಳಷ್ಟೇ ಬೆಳೆದರು. ಚೆಂಡನ್ನು ಹಿಡಿದು ನಿಲ್ಲಿಸುವದನ್ನಾಗಲಿ, ಸುತ್ತಲೂ ನೋಡಿ ದಾಟಿಸುವದನ್ನಾಗಲಿ ಅವಳಿಗೆ ಯಾರೂ ಕಲಿಸಿರಲಿಲ್ಲ. ಹತ್ತನೆಯ ತರಗತಿಯಲ್ಲಿ ತಂಡದಲ್ಲಿ ಸ್ಥಳ ಸಿಕ್ಕದೆ ಅವಳು ಆಟವನ್ನೇ ಬಿಟ್ಟಳು. ಆ ಭಾವಚಿತ್ರದಲ್ಲಿ ಕಪ್ಪನ್ನು ಹಿಡಿದುಕೊಂಡಿರುವವಳು ಅವಳೇ.

ಬೇರೆ ದೇಶದವರೂ ಇದನ್ನು ಯೋಚಿಸಿದ್ದಾರೆ. ಅಮೆರಿಕದ ಕಾಲ್ಚೆಂಡು ಸಂಘದವರು 2017ರಿಂದ ಹತ್ತು ವರ್ಷದೊಳಗಿನವರಿಗೆ ಏಳೇಳು ಮಂದಿಯ ಆಟವನ್ನೂ, ಹನ್ನೆರಡು ವರ್ಷದೊಳಗಿನವರಿಗೆ ಒಂಬತ್ತೊಂಬತ್ತು ಮಂದಿಯ ಆಟವನ್ನೂ ಚಿಕ್ಕ ಮೈದಾನದಲ್ಲಿ ಗೊತ್ತುಮಾಡಿದರು. ಏಳು ಮಂದಿಯ ಆಟದಲ್ಲಿ ಗೋಲುಕಾಯುವವಳು ಕೈಯಲ್ಲಿದ್ದ ಚೆಂಡನ್ನು ದೂರಕ್ಕೆ ಒದೆಯಕೂಡದು. ಎದುರಾಳಿಗಳು ಒಂದು ಗೆರೆಯ ಆಚೆಗೆ ಸರಿದು, ಅವಳು ಅದನ್ನು ಹತ್ತಿರದವಳಿಗೆ ಕೊಡುವ ತನಕ ಕಾದಿರಬೇಕು. ಕಾರಣವು ಸುಲಭವಾದದ್ದು. ಮಂದಿ ಕಡಿಮೆಯಾದಷ್ಟೂ ಒಬ್ಬೊಬ್ಬಳ ಕಾಲಿಗೂ ಚೆಂಡು ಹೆಚ್ಚು ಸಲ ಬರುವದು. ಬಂದಷ್ಟು ಸಲವೂ ಅವಳು ತಾನೇ ನೋಡಿ ತೀರ್ಮಾನಿಸಬೇಕಾಗುವದು.

ಈ ತೀರ್ಮಾನಿಸುವ ಶಕ್ತಿಯೇ ನನಗೆ ಮುಖ್ಯವಾದದ್ದು. ಅದನ್ನು ನಾವೇ ಕಸಿದುಕೊಳ್ಳುತ್ತಿರುವೆವೆಂದು ಈ ವರ್ಷದ ಒಂದು ಪಂದ್ಯದಲ್ಲಿ ಕಂಡೆನು. ಏಳನೆಯ ತರಗತಿಯ ಹುಡುಗಿಯೊಬ್ಬಳ ಕಾಲಿಗೆ ಚೆಂಡು ಬಂದಿತು. ಗೆರೆಯ ಹೊರಗಿಂದ ಅವಳ ತಂದೆಯವರು, “ಒದಿಯೇ, ದೂರಕ್ಕೆ ಒದಿ!” ಎಂದು ಕೂಗಿದರು. ಪಕ್ಕದಲ್ಲಿದ್ದ ಇನ್ನೊಬ್ಬ ಹುಡುಗಿಯ ತಂದೆಯವರು, “ಒದೆಯಬೇಡ, ನನ್ನ ಮಗಳು ಇದ್ದಾಳೆ, ಅವಳಿಗೆ ಕೊಡು!” ಎಂದರು. ಮಗುವು ಚೆಂಡನ್ನು ಕಾಲಡಿಯಲ್ಲಿಟ್ಟುಕೊಂಡು ಗೆರೆಯ ಕಡೆಗೆ ಮುಖಮಾಡಿ ನಿಂತುಬಿಟ್ಟಿತು. ಎದುರಾಳಿಯು ಬಂದು ಚೆಂಡನ್ನು ಒಯ್ದು ಗೋಲು ಹೊಡೆದಳು. ಹೊರಗೆ ಇಬ್ಬರು ಹಿರಿಯರು ಜಗಳಕ್ಕೆ ನಿಂತರು. ಮರುದಿನ ಆ ಹುಡುಗಿ ನನ್ನ ಬಳಿಗೆ ಬಂದು, “ಟೀಚರ್, ಅಪ್ಪ ಒಂದು ಹೇಳುತ್ತಾರೆ, ಆಟದ ಟೀಚರ್ ಇನ್ನೊಂದು ಹೇಳುತ್ತಾರೆ. ಯಾರ ಮಾತು ಕೇಳಿದರೂ ಇನ್ನೊಬ್ಬರಿಗೆ ಸಿಟ್ಟು. ನಾನು ಆಟ ಬಿಡುತ್ತೇನೆ” ಎಂದಳು. ತಂದೆಯ ಮಾತನ್ನು ಮೀರೆಂದು ನಾನು ಹೇಳಲಾರೆನು. ಶಿಕ್ಷಕಿಯ ಮಾತನ್ನು ಮೀರೆಂದೂ ಹೇಳಲಾರೆನು. ಮೈದಾನದಲ್ಲಿ ಈ ಇಬ್ಬರ ನಡುವೆ ಆರಿಸಿಕೊಳ್ಳುವ ಹೊರೆಯನ್ನು ಮಗುವಿನ ಮೇಲೆ ಹೊರಿಸಿದವರು ನಾವು.

ಹೆಣ್ಣುಮಕ್ಕಳ ಕಾಲ್ಚೆಂಡಾಟದ ಚರಿತ್ರೆಯಲ್ಲಿ ಗೆರೆಯ ಹೊರಗಿನವರ ಮಾತು ಬಹಳ ಹಾನಿಯನ್ನು ಮಾಡಿದೆ. 1920ನೆಯ ಡಿಸೆಂಬರ್ 26ರಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ, ಡಿಕ್ ಕೆರ್ ಕಾರ್ಖಾನೆಯ ಕೆಲಸದ ಹೆಂಗಸರ ತಂಡದ ಆಟವನ್ನು ನೋಡಲು ಸುಮಾರು 53,000 ಜನರು ಸೇರಿದ್ದರು. ಮರುವರ್ಷ ಡಿಸೆಂಬರ್ 5ರಂದು, ಈ ಆಟವು ಸ್ತ್ರೀಯರಿಗೆ ತಕ್ಕದ್ದಲ್ಲವೆಂದು ಅಲ್ಲಿಯ ಸಂಘದ ಪುರುಷರು ತಮ್ಮ ಸದಸ್ಯ ತಂಡಗಳ ಮೈದಾನಗಳನ್ನು ಅವರಿಗೆ ಮುಚ್ಚಿದರು. ಆ ನಿಷೇಧವು ಸುಮಾರು ಐವತ್ತು ವರ್ಷ ನಡೆಯಿತು. ಅಂದಿನ ಹಿರಿಯರು ಆಡಬೇಡವೆಂದರು. ಇಂದಿನ ಹಿರಿಯರು ಮಗಳನ್ನು ಮೈದಾನಕ್ಕೆ ಕಳುಹಿಸಿ, ಬೆಳಿಗ್ಗೆ ಎದ್ದು ಬುತ್ತಿ ಕಟ್ಟಿ, ರಜೆ ಹಾಕಿ ನೋಡಲು ಬರುತ್ತಾರೆ. ಇದು ದೊಡ್ಡ ಮಾತು. ಆದರೆ ಒಳಗೆ ಬಿಟ್ಟ ಮೇಲೆ ಆಟವನ್ನೂ ಅವಳಿಗೇ ಬಿಡಬೇಕು.

ಆದಕಾರಣ ಮುಂದಿನ ವರ್ಷದಿಂದ ಮೂರು ಏರ್ಪಾಡುಗಳನ್ನು ಮಾಡಿರುವೆವು. ಹದಿಮೂರು ವರ್ಷದೊಳಗಿನವರು ಶಾಲೆಯ ಪಂದ್ಯಗಳಲ್ಲಿ ಏಳೇಳು ಮಂದಿಯಾಗಿ ಆಡುವರು. ತಂಡಕ್ಕೆ ಸೇರಿದ ಪ್ರತಿ ಹುಡುಗಿಗೂ ಅರ್ಧ ಆಟವಾದರೂ ದೊರೆಯುವದು. ತಂದೆತಾಯಂದಿರಿಗೆ ಶಿಕ್ಷಕಿಯವರ ಎದುರು ಬದಿಯಲ್ಲಿ, ನೆರಳಿರುವ ಕಡೆ, ಬೆಂಚುಗಳನ್ನು ಹಾಕಿಸುವೆವು. ಅಲ್ಲಿಂದ ಚಪ್ಪಾಳೆಯೂ ಹೊಗಳಿಕೆಯೂ ಬರಲಿ, ಅಪ್ಪಣೆಗಳು ಬೇಡ. ಆಟದ ರೀತಿಯ ವಿಷಯವಾಗಿ ವಾದವಿದ್ದವರಿಗೆ ಪ್ರತಿ ತಿಂಗಳ ಮೊದಲನೆಯ ಶನಿವಾರ ನನ್ನ ಕೋಣೆಯ ಬಾಗಿಲು ತೆರೆದಿರುವದು. ಶಿಕ್ಷಕಿಯವರೂ ನನ್ನೊಡನೆ ಕುಳಿತು ಕೇಳುವರು. ನಮ್ಮಿಂದ ತಪ್ಪಾಗಿದ್ದರೆ ತಿದ್ದಿಕೊಳ್ಳುವೆವು.

ಇದರಿಂದ ಬರುವ ವರ್ಷ ಕಪ್ಪು ನಮ್ಮ ಕೈ ತಪ್ಪಬಹುದು. ಅದನ್ನು ಮುಂದಾಗಿಯೇ ಹೇಳುತ್ತೇನೆ. ಏಳನೆಯ ತರಗತಿಯ ಆ ಹುಡುಗಿ ಆಟವನ್ನು ಇನ್ನೂ ಬಿಟ್ಟಿಲ್ಲ. ಜೂನ್ ತಿಂಗಳ ತನಕ ನೋಡುತ್ತೇನೆಂದು ನನಗೆ ಹೇಳಿರುವಳು. ಅವಳ ತಂದೆಯವರೂ ಇದನ್ನು ಓದುವರೆಂದು ನಂಬಿರುವೆನು. ಮುಂದಿನ ಸಲ ಮಗಳ ಕಾಲಿಗೆ ಚೆಂಡು ಬಂದಾಗ ಅವರು ಒಂದು ಕ್ಷಣ ಸುಮ್ಮನಿದ್ದು, ಅವಳು ಏನು ಮಾಡುವಳೆಂದು ನೋಡಬೇಕೆಂದು ವಿನಯಪೂರ್ವಕವಾಗಿ ಬೇಡಿಕೊಳ್ಳುತ್ತೇನೆ.