ಅಯಾ ಸೋಫಿಯಾ ಮತ್ತು ನಮ್ಮ ಶಾಲೆಯ ಗ್ರೂಪು

2020ರ ಜುಲೈ. ವರ್ಕ್ ಫ್ರಂ ಹೋಮ್ ಅಂತ ಅಥಣಿಗೆ ಬಂದು ನಾಲ್ಕು ತಿಂಗಳಾಗಿತ್ತು. ಇಸ್ತಾಂಬುಲ್‌ನ ಅಯಾ ಸೋಫಿಯಾ ಮ್ಯೂಸಿಯಂ ಮತ್ತೆ ಮಸೀದಿ ಆಯ್ತು ಅಂತ ಒಂದು ಫಾರ್ವರ್ಡ್ ಬಂತು, ಕೆಳಗೆ ಸಿಟ್ಟಿನ ನಾಲ್ಕು ಸಾಲು. ಮೀಟಿಂಗ್ ನಡುವೆಯೇ ಅದನ್ನು ನಮ್ಮ ಶಾಲೆಯ ಗ್ರೂಪಿಗೆ ತಳ್ಳಿಬಿಟ್ಟೆ. ಹತ್ತು ನಿಮಿಷದಲ್ಲಿ ಒಬ್ಬ ಗ್ರೂಪ್ ಬಿಟ್ಟ. ಐದನೇ ಇಯತ್ತೆಯಿಂದ ನನ್ನ ಬೆಂಚಿನಲ್ಲೇ ಕೂತವನು. ಸಂಜೆ ಫೋನ್ ಮಾಡಿದೆ. “ಓದಿ ಕಳಿಸಿದ್ಯೋ, ಬರೇ ಕಳಿಸಿದ್ಯೋ?” ಅಂದ. ಉತ್ತರ ಇರಲಿಲ್ಲ.

ಆ ರಾತ್ರಿ ಓದೋಕೆ ಕೂತೆ.

ಚಕ್ರವರ್ತಿ ಜಸ್ಟಿನಿಯನ್ ಈ ಚರ್ಚನ್ನು ಕಟ್ಟಿಸಿದ್ದು 532ರಿಂದ 537ರವರೆಗೆ, ಬರೀ ಐದು ವರ್ಷದಲ್ಲಿ. ಕಟ್ಟಿದವರು ಆಂಥೆಮಿಯಸ್ ಮತ್ತು ಇಸಿಡೋರ್, ಇಬ್ಬರೂ ಗಣಿತ ಬಲ್ಲವರು. ಚೌಕದ ಮೇಲೆ ದುಂಡನೆಯ ಗುಮ್ಮಟ ಕೂರಿಸಬೇಕು, ಅಡ್ಡಳತೆ ಸುಮಾರು 31 ಮೀಟರ್. ಮೂಲೆಗಳಲ್ಲಿ ತ್ರಿಕೋನದಂಥ ಬಾಗಿದ ತುಂಡುಗಳನ್ನಿಟ್ಟು ಭಾರವನ್ನು ನಾಲ್ಕು ಕಂಬಗಳಿಗೆ ಇಳಿಸಿದರು. ಅವಸರದ ರಿಲೀಸ್ ಅಂದ್ಮೇಲೆ ಬಗ್ ಇರಲೇಬೇಕಲ್ಲ! ಭೂಕಂಪಗಳಿಗೆ ಸಡಿಲಾಗಿ 558ರಲ್ಲಿ ಗುಮ್ಮಟ ಬಿತ್ತು. ಮೊದಲನೆಯದು ತೀರಾ ಚಪ್ಪಟೆಯಾಗಿತ್ತು. ಇಸಿಡೋರನ ಅಳಿಯನೋ ತಮ್ಮನ ಮಗನೋ, ಅದೇ ಹೆಸರಿನವನು, ಇನ್ನಷ್ಟು ಎತ್ತರಿಸಿ ಮತ್ತೆ ಕಟ್ಟಿದ.

ಈ ಚರ್ಚನ್ನು 1204ರಲ್ಲಿ ಲೂಟಿ ಮಾಡಿದವರು ಯಾರು ಗೊತ್ತೇನ್ರಿ? ಧರ್ಮಯುದ್ಧಕ್ಕೆ ಹೊರಟ ಪಶ್ಚಿಮದ ಕ್ರೈಸ್ತರೇ. ನನ್ನ ಫಾರ್ವರ್ಡ್‌ನಲ್ಲಿ ಈ ಸಾಲು ಇರಲಿಲ್ಲ. 1453ರ ಮೇ 29ರಂದು ಎರಡನೇ ಮೆಹ್ಮದ್ ಊರು ಗೆದ್ದ, ಚರ್ಚು ಮಸೀದಿಯಾಯಿತು. ಸೋತವರ ಪಾಲಿಗೆ ಅದು ನೋವಿನ ದಿನವೇ, ಅದನ್ನು ಮೆತ್ತಗೆ ಹೇಳಲು ಬರುವುದಿಲ್ಲ. ಆದರೆ ಮುಂದಿನ ಶತಮಾನದಲ್ಲಿ ಸಿನಾನ್ ಎಂಬ ವಾಸ್ತುಶಿಲ್ಪಿ ಆಸರೆಗೋಡೆ ಕೊಟ್ಟು ಇದನ್ನು ಗಟ್ಟಿ ಮಾಡಿದ. ಗೋಡೆಯ ಮೊಸಾಯಿಕ್ ಚಿತ್ರಗಳು ಕಾಲಕ್ರಮದಲ್ಲಿ ಗಾರೆಯ ಕೆಳಗೆ ಹೋದವು. 1934ರಲ್ಲಿ ಅತಾತುರ್ಕ್ ಸರ್ಕಾರ ಮ್ಯೂಸಿಯಂ ಮಾಡಿತು. 2020ರ ಜುಲೈ 10ಕ್ಕೆ ಮತ್ತೆ ಮಸೀದಿ. ಈಗ ನಮಾಜಿನ ಹೊತ್ತಿಗೆ ಚಿತ್ರಗಳಿಗೆ ಪರದೆ. ಮ್ಯೂಸಿಯಂ ಆಗಿಯೇ ಉಳಿದಿದ್ದರೆ ಚೆನ್ನಾಗಿತ್ತು ಅಂತ ನನಗೆ ಇವತ್ತಿಗೂ ಅನಿಸುತ್ತದೆ. ಅದು ಬೇರೆ ಮಾತು.

ಈ ಮೆಹ್ಮದ್‌ನ ಹೆಸರು ನಮ್ಮ ಕಡೆಗೂ ಬರುತ್ತದೆ. ವಿಜಯಪುರದ ಆಸ್ಥಾನದಲ್ಲಿದ್ದ ಫಿರಿಶ್ತಾ ಬರೆದ ಪ್ರಕಾರ, ಆದಿಲ್‌ಶಾಹಿ ಸ್ಥಾಪಿಸಿದ ಯೂಸುಫ್ ಈ ಮೆಹ್ಮದ್‌ನ ತಮ್ಮ. ಅಣ್ಣ ಪಟ್ಟಕ್ಕೆ ಬಂದಾಗ ಜೀವ ಉಳಿಸಿಕೊಳ್ಳಲು ತಾಯಿ ಗುಟ್ಟಾಗಿ ಸಾಗಿಸಿದಳಂತೆ. ಇತಿಹಾಸಕಾರರು ಹೆಚ್ಚಾಗಿ ನಂಬುವುದಿಲ್ಲ. ನನಗೂ ಇದು ವಂಶ ದೊಡ್ಡದು ಮಾಡಿಕೊಳ್ಳುವ ಕಥೆಯೇ ಅನ್ನಿಸಿತು. ಆದರೆ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಎರಕ ಹೊಯ್ದವನ ಹೆಸರು ಮುಹಮ್ಮದ್ ಬಿನ್ ಹಸನ್ ರೂಮಿ. ರೂಮಿ ಅಂದರೆ ರೂಮ್‌ನವನು, ಅಂದರೆ ತುರ್ಕಿಯ ಕಡೆಯವನು. ಅದು ಲೋಹದ ಮೇಲೇ ಇದೆ.

ದೀಪಾವಳಿ ಆದ ಮೇಲೆ ಗೆಳೆಯನ ಮನೆಗೆ ಹೋದೆ. ಅವರವ್ವ ಚಹಾ ಕೊಟ್ಟರು, ಆ ವಿಷಯ ಎತ್ತಲಿಲ್ಲ. ತಪ್ಪಾಯ್ತು ಅಂತ ಹೇಳಲು ನನಗೆ ಬರಲಿಲ್ಲ. “ವಿಜಾಪುರಕ್ಕ ಹೋಗೂಣೇನು?” ಅಂದೆ. ಅವನ ಬೈಕಿನಲ್ಲೇ ತೆಲಸಂಗ, ತಿಕೋಟಾ ದಾಟಿ ಹೋದೆವು. ಗೋಳಗುಮ್ಮಟದ ಕೆಳಗೆ ನಿಂತು ಲೆಕ್ಕ ಹಾಕಿದೆ: ಹೊರಗಿನ ಅಡ್ಡಳತೆ ಸುಮಾರು 44 ಮೀಟರ್. ಇಲ್ಲಿ ಮೂಲೆಯ ತ್ರಿಕೋನಗಳ ಬದಲು ಒಂದನ್ನೊಂದು ಕತ್ತರಿಸುವ ಕಮಾನುಗಳು. ಅದೇ ಸಮಸ್ಯೆ, ಸಾವಿರ ವರ್ಷದ ನಂತರ ಬೇರೆ ಪರಿಹಾರ.

ವಾಪಸ್ ಹೊರಡುವಾಗ ಅವನೇ ಗಾಡಿ ತಿರುಗಿಸಿ ಕೋಟೆಯೊಳಗಿನ ಕರೀಮುದ್ದೀನ್ ಮಸೀದಿಗೆ ಕರೆದೊಯ್ದ. 1320ರದ್ದು. ಕಂಬಗಳನ್ನು ನೋಡಿದರೆ ಸಾಕು, ಗುಡಿಯವು ಅಂತ ಗೊತ್ತಾಗುತ್ತದೆ. ಕಟ್ಟಿದ ಬಡಗಿ ಸಾಲೋಟಗಿಯ ರೇವಯ್ಯ ಅಂತ ಅಲ್ಲಿಯ ಶಾಸನ ಹೇಳುತ್ತದೆ.

“ಇದನ್ನೂ ಓದು,” ಅಂದ ಅವನು. “ಆಮೇಲೆ ಗ್ರೂಪಿಗೆ ಹಾಕ್ತಿದ್ರ ಹಾಕು.”

ಹಾಕಲಿಲ್ಲ. ಅವನು ಗ್ರೂಪಿಗೆ ವಾಪಸ್ ಬಂದೂ ಇಲ್ಲ, ನಾನು ಕೇಳಿಯೂ ಇಲ್ಲ. ಫೋನ್ ಮಾತ್ರ ವಾರಕ್ಕೊಂದು ಸಲ ಬರುತ್ತದೆ.