ದಿವಾಳಿಯ ಕಾಯಿದೆಯೂ ಪೇಟೆಯ ವರ್ತಕನೂ

ಕಾಫಿ ಡೇ ಸಂಸ್ಥೆಯ ಮೊಕದ್ದಮೆಯನ್ನು ಬಂಟ್ವಾಳದ ವರ್ತಕರು ದೊಡ್ಡವರ ವ್ಯವಹಾರವೆಂದು ಓದಿ ಬದಿಗಿಟ್ಟಿರಬಹುದು. ಅದರ ಸ್ಥಾಪಕರಾದ ವಿ. ಜಿ. ಸಿದ್ಧಾರ್ಥರು 2019ರ ಜುಲೈ ತಿಂಗಳಲ್ಲಿ ಇದೇ ನೇತ್ರಾವತಿಯಲ್ಲಿ, ಉಳ್ಳಾಲದ ಬಳಿ, ಅಸುನೀಗಿದಾಗ ಸಂಸ್ಥೆಯ ಮೇಲೆ ಸಾವಿರಾರು ಕೋಟಿ ರೂಪಾಯಿಗಳ ಸಾಲವಿದ್ದಿತು. ಆಸ್ತಿಗಳನ್ನು ಮಾರಿ ಅದರ ಬಹುಭಾಗವನ್ನು ತೀರಿಸಿದರೂ, 2024ರ ಆಗಸ್ಟ್ 8ರಂದು ಬೆಂಗಳೂರಿನ ಕಂಪೆನಿ ನ್ಯಾಯಮಂಡಲಿಯು 228 ಕೋಟಿ ರೂಪಾಯಿಗಳ ಬಾಕಿಯ ದೂರಿನ ಮೇಲೆ ಕಾಫಿ ಡೇ ಎಂಟರ್‌ಪ್ರೈಸಸ್ ಕಂಪೆನಿಯನ್ನು ದಿವಾಳಿ ನಡವಳಿಗೆ ಒಳಪಡಿಸಿತು. ಆರು ದಿನಗಳಲ್ಲಿ ಮೇಲ್ಮನವಿಯ ಮಂಡಲಿಯು ಆ ಆಜ್ಞೆಯನ್ನು ತಡೆಹಿಡಿದು, 2025ರ ಫೆಬ್ರವರಿಯಲ್ಲಿ ರದ್ದುಗೊಳಿಸಿತು.

ಇಂಥ ಆಜ್ಞೆಯಾದೊಡನೆ ನಡೆಯುವುದೇನೆಂಬುದು ತಿಳಿಯತಕ್ಕ ಸಂಗತಿಯಾಗಿದೆ. 2016ರ ಕಾಯಿದೆಯ ಪ್ರಕಾರ ನಿರ್ದೇಶಕರ ಅಧಿಕಾರವು ಅಮಾನತಾಗಿ, ಕಂಪೆನಿಯ ಬೀಗದ ಕೈಗಳು ನ್ಯಾಯಮಂಡಲಿಯು ನೇಮಿಸಿದ ವೃತ್ತಿಪರ ಆಡಳಿತಗಾರನ ಕೈಸೇರುತ್ತವೆ. ದಾವೆ, ಜಪ್ತಿ, ವಸೂಲಿಗಳೆಲ್ಲ ನಿಲ್ಲುತ್ತವೆ. ವ್ಯಾಪಾರ ಮಾತ್ರ ನಡೆಯುತ್ತಿರಬೇಕು. ಸಾಲಕೊಟ್ಟ ಬ್ಯಾಂಕು ಮೊದಲಾದವರ ಸಮಿತಿಯು ನೂರಕ್ಕೆ 66ರ ಮತದಿಂದ ಹೊಸ ಯಜಮಾನನ ಯೋಜನೆಯನ್ನು ಒಪ್ಪಬೇಕು. ಇದಕ್ಕೆ 180 ದಿನಗಳು, ಬೆಳೆಸಿದರೆ 330. ಒಪ್ಪಿಗೆಯಾಗದಿದ್ದರೆ ಸಮಾಪನ. 1985ರ ರುಗ್ಣ ಕೈಗಾರಿಕೆಗಳ ಕಾಯಿದೆಯಲ್ಲಿ ಕಾರಖಾನೆ ತುಕ್ಕು ಹಿಡಿಯುತ್ತಿದ್ದರೂ ಹಳೆಯ ಧಣಿಯು ಕುರ್ಚಿಯಲ್ಲಿ ಸುಖವಾಗಿ ಕುಳಿತಿರಬಹುದಾಗಿತ್ತು. ಆದುದರಿಂದ ಈ ಮಾರ್ಪಾಡನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ.

ಆದರೆ ಇಂಥ ಕಂಪೆನಿಗೆ ಉದ್ದರಿಯಾಗಿ ಸರಕು ಕೊಟ್ಟವನ ಗತಿಯೇನು? ಬಾಕಿಯು ಒಂದು ಕೋಟಿಗೆ ಕಡಿಮೆಯಿದ್ದರೆ 2020ರ ಮಾರ್ಚಿನಿಂದ ಅವನಿಗೆ ಆ ಮಂಡಲಿಯ ಬಾಗಿಲೇ ಇಲ್ಲ. ಬೇರೆಯವರ ದೂರಿನಿಂದ ನಡವಳಿ ಆರಂಭವಾದರೆ ಅವನು ತನ್ನ ಲೆಕ್ಕವನ್ನು ಸಲ್ಲಿಸಬಹುದು; ಸಾಲಗಾರರ ಸಮಿತಿಯಲ್ಲಿ ಮತವಿಲ್ಲ. ಸಮಾಪನವಾದರೆ ಎಷ್ಟು ದೊರೆಯುತ್ತಿತ್ತೋ ಅಷ್ಟಾದರೂ ಕೊಡತಕ್ಕದ್ದೆಂದು ಕಾಯಿದೆ ಹೇಳುತ್ತದೆ. ಅಡವು ಹಿಡಿದ ಬ್ಯಾಂಕುಗಳೂ ಕೆಲಸಗಾರರೂ ಮೊದಲು ಉಂಡೆದ್ದ ಮೇಲೆ ಆ 'ಅಷ್ಟು' ಎಷ್ಟೋ ಸಲ ಸೊನ್ನೆಯೇ.

ಇನ್ನು ಆ ವರ್ತಕನೇ ಮುಳುಗಿದರೆ? ನಮ್ಮ ಪೇಟೆಯ ಅಡಿಕೆ, ದಿನಸಿ, ಜವಳಿ ಅಂಗಡಿಗಳಲ್ಲಿ ಕಂಪೆನಿಗಳಾಗಿ ನೋಂದಾಯಿತವಾದವು ಎಷ್ಟು? ಒಬ್ಬನ ಹೆಸರಿನಲ್ಲಿಯೋ ಅಣ್ಣತಮ್ಮಂದಿರ ಪಾಲುಗಾರಿಕೆಯಲ್ಲಿಯೋ ನಡೆಯುವವೇ ಹೆಚ್ಚು. ಇವರಿಗಾಗಿ 2016ರ ಕಾಯಿದೆಯಲ್ಲಿ ಮೂರನೆಯ ಭಾಗವೊಂದಿದೆ. ಅದನ್ನು 2019ರ ಡಿಸೆಂಬರ್ 1ರಿಂದ ಜಾರಿಗೆ ತಂದುದು ಕಂಪೆನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ. 2021ರಲ್ಲಿ ಸಣ್ಣ ಉದ್ಯಮಗಳಿಗೆ ತೆರೆದ ಸುಲಭಮಾರ್ಗವೂ ಈ ಅಂಗಡಿಗಳನ್ನು ಮುಟ್ಟಲಿಲ್ಲ. ಉಳಿದುದು, ಈ ಸೀಮೆ ಮದ್ರಾಸು ಪ್ರಾಂತಕ್ಕೆ ಸೇರಿದ್ದಾಗ ಬಂದ 1920ರ ಪ್ರಾಂತೀಯ ದಿವಾಳಿ ಶಾಸನ. ಅದರ ಮೂಲದಲ್ಲಿ ಬರೆದಿರುವ ಸಾಲದ ಮಿತಿ 500 ರೂಪಾಯಿ! ಕಂಪೆನಿಗೆ ಪುನರುಜ್ಜೀವನ, ಅಂಗಡಿಯವನಿಗೆ ಪಾಪರ್ ಚೀಟಿ. ಆ ಚೀಟಿ ಹಿಡಿದವನಿಗೆ ಪೇಟೆಯಲ್ಲಿ ಮತ್ತೆ ಉದ್ದರಿ ಹುಟ್ಟುವುದು ಎಷ್ಟು ಕಷ್ಟವೆಂಬುದನ್ನು ವಾಚಕರಿಗೆ ಹೇಳಬೇಕಾದುದಿಲ್ಲ.

ಹೊಸ ಶಾಸನವನ್ನು ರಚಿಸಿರೆಂದು ನಾವು ಕೇಳುತ್ತಿಲ್ಲ. ಇರುವ ಭಾಗವನ್ನು ಪಾಲುಗಾರಿಕೆಗಳಿಗೂ ಒಂಟಿ ವರ್ತಕರಿಗೂ ಅನ್ವಯಿಸಲು ಕೇಂದ್ರ ಸರಕಾರದವರ ಅಧಿಸೂಚನೆಯೇ ಸಾಕು. ಅದರ ವಿಚಾರಣೆ ಸಾಲ ವಸೂಲಿ ನ್ಯಾಯಮಂಡಲಿಗೆ ಸೇರಿದ್ದು, ಅದಿರುವುದು ಬೆಂಗಳೂರಿನಲ್ಲಿ. ಹತ್ತು ಲಕ್ಷ ರೂಪಾಯಿಗಳ ಸಾಲದಲ್ಲಿ ಸಿಕ್ಕಿದವನು ವಾಯಿದೆ ವಾಯಿದೆಗೂ ವಕೀಲರೊಡನೆ ಘಟ್ಟ ಹತ್ತಲಾರನು. ಅಧಿಸೂಚನೆಯೊಡನೆಯೇ ಮಂಗಳೂರಿನಲ್ಲಿ ತಿಂಗಳಿಗೆ ಕೆಲವು ದಿನಗಳಾದರೂ ಆ ಮಂಡಲಿಯ ಬೈಠಕು ನಡೆಯುವಂತೆ ಏರ್ಪಡಿಸತಕ್ಕದ್ದು.