ಕೇಳಿಸಿತು, ತಿಳಿಯಲಿಲ್ಲ

“ಏನಂದೆಯಮ್ಮ? ಸ್ವಲ್ಪ ಗಟ್ಟಿಯಾಗಿ ಹೇಳಬಾರದೇ?” ಎಂದು ಮಾವನವರು ಕೇಳುತ್ತಾರೆ. ಸೊಸೆ ದನಿಯೇರಿಸಿದೊಡನೆ, “ಅದೇಕೆ ಹಾಗೆ ಅರಚುತ್ತೀ? ನಾನೇನು ಕಿವುಡನೇ?” ಎಂದು ಮುಖ ಸಿಂಡರಿಸುತ್ತಾರೆ. ಅಡಿಗೆಮನೆಯಲ್ಲಿ ತಟ್ಟೆ ಜಾರಿ ಬಿದ್ದರೆ ಬೆಚ್ಚಿಬೀಳುವ ಹಿರಿಯರಿಗೆ ಎದುರಿಗೆ ಕುಳಿತವರ ಮಾತು ತಿಳಿಯದು! “ಬೇಕಾದುದು ಮಾತ್ರ ಕೇಳಿಸುತ್ತದೆ” ಎಂದು ಮನೆಯವರು ನಗುವುದುಂಟು, ಬೇಸರಗೊಳ್ಳುವುದೂ ಉಂಟು. ಆದರೆ ಇದು ಹಟವೂ ಅಲ್ಲ, ನಟನೆಯೂ ಅಲ್ಲ. ಕೇಳುವುದು ಬೇರೆ, ಕೇಳಿದ್ದನ್ನು ತಿಳಿಯುವುದು ಬೇರೆ.

ನಮ್ಮ ಒಳಕಿವಿಯಲ್ಲಿ ಬಸವನ ಹುಳುವಿನ ಚಿಪ್ಪಿನಂತೆ ಸುರುಳಿಗೊಂಡ, ದ್ರವ ತುಂಬಿದ ನಾಳವೊಂದಿದೆ. ಅದರೊಳಗೆ ಸುಮಾರು 15,000 ರೋಮಕೋಶಗಳು ಸಾಲುಗಟ್ಟಿ ನಿಂತಿವೆ. ಒಳಸಾಲಿನ ಸುಮಾರು 3,500 ಕೋಶಗಳು ಶಬ್ದದ ವಾರ್ತೆಯನ್ನು ಮಿದುಳಿಗೆ ಮುಟ್ಟಿಸುತ್ತವೆ. ಹೊರಸಾಲಿನ ಸುಮಾರು 12,000 ಕೋಶಗಳ ಕೆಲಸ, ಮೆಲುದನಿಯನ್ನು ಹಿಗ್ಗಿಸಿಕೊಡುವುದು ಮತ್ತು ಒಂದು ಧ್ವನಿಯನ್ನು ಇನ್ನೊಂದರಿಂದ ಬಿಡಿಸಿಕೊಡುವುದು. ವಯಸ್ಸಿನಿಂದಲೋ ಯಂತ್ರಗಳ ಅಬ್ಬರದಿಂದಲೋ ಇವು ಒಮ್ಮೆ ನಾಶವಾದರೆ ಮನುಷ್ಯನಲ್ಲಿ ಮರಳಿ ಹುಟ್ಟುವುದಿಲ್ಲ.

ಹೊರಸಾಲು ಕೆಟ್ಟಾಗ ಮೆಲುದನಿ ಮುಟ್ಟುವುದೇ ಇಲ್ಲ. ದೊಡ್ಡ ಸದ್ದಿಗಾದರೋ ಹಿಗ್ಗಿಸುವವರ ನೆರವು ಬೇಕಿಲ್ಲ. ಅದು ಪೂರ್ಣ ಬಲದಿಂದಲೇ ನುಗ್ಗುತ್ತದೆ. ಹೀಗೆ ‘ಕೇಳದು’ ಎಂಬುದಕ್ಕೂ ‘ತಾಳೆನು’ ಎಂಬುದಕ್ಕೂ ನಡುವಣ ಅಂತರ ಕುಗ್ಗಿಹೋಗುತ್ತದೆ. ವೈದ್ಯರು ಇದನ್ನು ‘ರಿಕ್ರೂಟ್‌ಮೆಂಟ್’ ಎಂದು ಕರೆಯುತ್ತಾರೆ.

ಇನ್ನೊಂದು ತೊಡಕೂ ಉಂಟು. ಮುಪ್ಪಿನಲ್ಲಿ ಮೊದಲು ಕುಂದುವುದು ಮೇಲಿನ ಸ್ಥಾಯಿಯ ಶ್ರವಣ. ಅ, ಆ, ಉ ಮೊದಲಾದ ಸ್ವರಗಳ ಬಲವಿರುವುದು ಕೆಳಸ್ಥಾಯಿಯಲ್ಲಿ. ಸ, ಶ, ತ ಮುಂತಾದ ವ್ಯಂಜನಗಳು ಮೇಲುಸ್ಥಾಯಿಯವು, ಕ್ಷೀಣವಾದವು. ಆದ್ದರಿಂದ ಸಾಲು, ಕಾಲು, ಹಾಲು ಮೂರೂ ಬರಿಯ ‘ಆಲು’ ಎಂದಷ್ಟೇ ಕೇಳಿಸಬಹುದು. ನಾವು ಕೂಗಿದರೆ ಮುಖ್ಯವಾಗಿ ಸ್ವರಗಳೇ ಉಬ್ಬುತ್ತವೆ. ಕಿವಿ ನೋಯುತ್ತದೆ, ಅರ್ಥ ಹತ್ತುವುದಿಲ್ಲ.

ಮಕ್ಕಳಲ್ಲಿಯೂ ಇಂಥವರುಂಟು. ಕಿವಿಯ ಪರೀಕ್ಷೆಯಲ್ಲಿ ದೋಷ ಕಾಣದು. ಆದರೂ ತರಗತಿಯ ಗದ್ದಲದ ನಡುವೆ ಉಪಾಧ್ಯಾಯರ ಮಾತನ್ನು ಹೆಕ್ಕಿ ತೆಗೆಯಲು ಅವರ ಮಿದುಳು ತಿಣುಕುತ್ತದೆ. ಅವರಲ್ಲಿ ಕೆಲವರು ಜೋರು ಸದ್ದಿಗೆ ಕಿವಿ ಮುಚ್ಚಿಕೊಳ್ಳುವುದೂ ಉಂಟು. ಇವರನ್ನು ‘ಗಮನವಿಲ್ಲದವನು’ ಎಂದು ದಂಡಿಸುವುದು ಅನ್ಯಾಯ.

ಹಾಗಾದರೆ ಮಾಡತಕ್ಕದ್ದೇನು? ದನಿಯನ್ನೇರಿಸುವ ಬದಲು ಸ್ಪಷ್ಟಗೊಳಿಸಿರಿ. ಮೊದಲು ಕರೆದು ಗಮನ ಸೆಳೆದು, ಬೆಳಕಿನಲ್ಲಿ ಎದುರು ನಿಂತು, ನಿಧಾನವಾಗಿ ಮಾತನಾಡಿರಿ. ತುಟಿಯ ಚಲನೆ ಅರ್ಧ ಅರ್ಥ ಹೇಳುತ್ತದೆ. ರೇಡಿಯೋ, ಟೆಲಿವಿಷನ್‌ಗಳನ್ನು ಕ್ಷಣಕಾಲ ನಿಲ್ಲಿಸಿರಿ. ತಿಳಿಯದಿದ್ದರೆ ಅದೇ ಪದವನ್ನು ಮತ್ತೆ ಮತ್ತೆ ಹೇಳದೆ ಬೇರೆ ಮಾತಿನಲ್ಲಿ ಹೇಳಿರಿ. ತಜ್ಞರಲ್ಲಿ ಹೋದಾಗ ಶಬ್ದ ಕೇಳುವ ಪರೀಕ್ಷೆಯ ಜೊತೆಗೆ ಮಾತು ತಿಳಿಯುವ ಪರೀಕ್ಷೆಯನ್ನೂ ಮಾಡಿಸಿರಿ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ವ್ಯವಸ್ಥೆಯುಂಟು. ಈಗಿನ ಶ್ರವಣಸಾಧನಗಳು ಮೆಲುದನಿಯನ್ನು ಹೆಚ್ಚಾಗಿಯೂ ಅಬ್ಬರವನ್ನು ಕಡಿಮೆಯಾಗಿಯೂ ಹಿಗ್ಗಿಸುವಂತೆ ಹೊಂದಿಸಲ್ಪಡುತ್ತವೆ. ಕಿವಿ ಹಠಾತ್ತನೆ ಮಂದವಾದರೆ ಮಾತ್ರ ಒಂದು ದಿನವೂ ತಡಮಾಡಬಾರದು.

ಪದೇ ಪದೇ “ಏನಂದೆ?” ಎಂದು ಕೇಳಲು ನಾಚಿ, ತಿಳಿಯದಿದ್ದರೂ ತಲೆಯಾಡಿಸಿ, ಕೊನೆಗೆ ಮಾತುಕತೆಯಿಂದಲೇ ದೂರ ಸರಿಯುವ ಹಿರಿಯರು ಅನೇಕರು. ಅವರು ಮೂಲೆಯ ಕುರ್ಚಿಯಲ್ಲಿ ಮೌನವಾಗಿ ಕುಳಿತಿದ್ದರೆ, ಮಾತು ಬೇಡವಾಗಿದೆಯೆಂದು ತಿಳಿಯಬೇಡಿರಿ. ಹತ್ತಿರ ಹೋಗಿ ಎದುರಿಗೆ ಕುಳಿತುಕೊಳ್ಳಿರಿ.